ಮುಂಬೈ ಕರ್ನಾಟಕದ ಆಧುನಿಕ ಚರಿತ್ರೆ: ಬರೆದದ್ದು, ಬಿಟ್ಟದ್ದು

ಈಚೆಗೆ ‘ಆಧುನಿಕ ಕರ್ನಾಟಕ’ ಎಂಬ ಹೆಸರಿನಲ್ಲಿ ಬರುವ ಪುಸ್ತಕಗಳ ಪರಿವಿಡಿ ತೆರೆದರೆ ದಿವಾನರು, ಪ್ರಜಾಪ್ರತಿನಿಧಿ ಸಭೆ, ಮಿಲ್ಲರ್ ಸಮಿತಿ, ಕನ್ನಂಬಾಡಿ ಕಟ್ಟೆ ಸಾಲಾಗಿ ಬರುತ್ತವೆ. ಅದು ಮೈಸೂರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ ಏಕೀಕರಣದ ಅಧ್ಯಾಯದಲ್ಲಿ ನಾಲ್ಕು ಪುಟ ಸಿಕ್ಕರೆ ಹೆಚ್ಚು. ಪತ್ರಿಕೆಗಳಿಗೆ ಚುನಾವಣೆ ಬಂದಾಗ ನಮ್ಮ ನೆನಪಾಗುತ್ತದೆ. ಆಗಲೂ ಯಾವ ತಾಲೂಕಿನಲ್ಲಿ ಯಾವ ಜಾತಿಯ ಮತ ಎಷ್ಟು ಎಂಬ ಲೆಕ್ಕದಲ್ಲಿ ನೂರೈವತ್ತು ವರ್ಷದ ರಾಜಕೀಯ ಮುಗಿದುಹೋಗುತ್ತದೆ. ಹಾನಗಲ್ಲ ಸೀಮೆಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತನಾದವನು ನಾನು. ಈ ಸೀಮೆಯ ಆಧುನಿಕ ಚರಿತ್ರೆಯನ್ನು ಯಾರು ಬರೆದರು, ಎಲ್ಲಿಗೆ ತಂದು ನಿಲ್ಲಿಸಿದರು ಎಂದು ಒಮ್ಮೆ ಮೊದಲಿನಿಂದ ನೋಡುವ ಹೊತ್ತು ಬಂದಿದೆ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ನಾಡು ಕಂಪನಿ ಸರ್ಕಾರದ ಕೈಗೆ ಬಂತು. ಇಂಗ್ಲಿಷ್ ಅಧಿಕಾರಿಗಳು ಬರೆದದ್ದರಲ್ಲಿ ಇಂದಿಗೂ ಕೈಗೆತ್ತಿಕೊಳ್ಳಬೇಕಾದವು ಎರಡು: ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಫ್ಲೀಟ್ 1882ರಲ್ಲಿ ತಂದ ಪುಸ್ತಕ, 1884ರ ಧಾರವಾಡ ಗೆಝೆಟಿಯರ್. ಫ್ಲೀಟರು ಶಾಸನ ಓದಿದರು. ಗೆಝೆಟಿಯರ್ ಜಾತಿ, ಬೆಳೆ, ಬರ, ಕಂದಾಯಗಳನ್ನು ದಾಖಲಿಸಿತು. ನಮ್ಮ ಹಿರಿಯರು ಹಿಡಿದದ್ದು ಫ್ಲೀಟರ ದಾರಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಕಣ್ಣು ತೆರೆಯಿತು. ಶಾಲೆ, ಕಚೇರಿಗಳಲ್ಲಿ ಮರಾಠಿಯೇ ಮೇಲಾಗಿದ್ದುದನ್ನು ಕಾಣುತ್ತ ಬಂದ ಜನಕ್ಕೆ ನಿಮಗೂ ಚಾಲುಕ್ಯರಿದ್ದರು, ರಾಷ್ಟ್ರಕೂಟರಿದ್ದರು ಎಂದು ಹೇಳುವ ಅಗತ್ಯ ಆಗ ನಿಜವಾಗಿಯೂ ಇತ್ತು. ಆಲೂರರು ಆ ಕೆಲಸ ಮಾಡದಿದ್ದರೆ ಏಕೀಕರಣವೇ ಇರುತ್ತಿರಲಿಲ್ಲ.

ಅಗತ್ಯ ತೀರಿದ ಮೇಲೂ ರೂಢಿ ಉಳಿಯಿತು. ಹಾನಗಲ್ಲ ತಾಲೂಕಿನ ತಿಳವಳ್ಳಿಗೆ ಬರುವ ಸಂಶೋಧಕರು ಇಂದಿಗೂ ನೇರ 13ನೇ ಶತಮಾನದ ಶಾಂತೇಶ್ವರ ಗುಡಿಗೆ ಹೋಗುತ್ತಾರೆ. ಹೋಗಲೇಬೇಕು, ಅಷ್ಟು ಚೆಂದದ ಗುಡಿ ಅದು. ಆದರೆ ಆ ಗುಡಿಯ ಸುತ್ತಲಿನ ಗದ್ದೆಗಳು ಬ್ರಿಟಿಷ್ ಸರ್ವೆಯ ಕಾಲದಿಂದ ಯಾರ ಕೈಯಿಂದ ಯಾರ ಕೈಗೆ ಹೋದವು, ಲಾವಣಿಗೆ ಯಾರು ಮಾಡಿದರು, ವರ್ಷದ ಸಂಬಳದಾಳಾಗಿ ಯಾರು ದುಡಿದರು ಎಂದು ಕೇಳಿಕೊಂಡು ಬಂದವರನ್ನು ನಾನು ಕಾಣಲಿಲ್ಲ.

ಆಧುನಿಕ ಕಾಲದ ಚರಿತ್ರೆ ನಮ್ಮಲ್ಲಿ ಗಂಭೀರವಾಗಿ ಶುರುವಾದದ್ದು 1956ರ ಏಕೀಕರಣದ ನಂತರ. ರಾಜ್ಯ ಸರ್ಕಾರ ಹೊರತಂದ ಸ್ವಾತಂತ್ರ್ಯ ಚಳವಳಿಯ ಎರಡು ಸಂಪುಟಗಳು 1962 ಮತ್ತು 1964ರಲ್ಲಿ ಬಂದವು. ಮೊದಲನೆಯದರಲ್ಲಿ ಎಂ.ವಿ. ಕೃಷ್ಣರಾಯರೊಂದಿಗೆ, ಎರಡನೆಯದರಲ್ಲಿ ಒಬ್ಬರೇ ದುಡಿದ ಜಿ.ಎಸ್. ಹಾಲಪ್ಪನವರ ಋಣವನ್ನು ನಮ್ಮ ಕ್ಷೇತ್ರ ಇನ್ನೂ ತೀರಿಸಿಲ್ಲ. ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಸಿದ್ದಾಪುರ, ಹಿರೇಕೆರೂರುಗಳ ಕರನಿರಾಕರಣೆ ಮೈಸೂರಿನ ಧ್ವಜಸತ್ಯಾಗ್ರಹದ ಜೊತೆಗೇ ನಿಂತದ್ದು ಇಂಥವರ ದುಡಿಮೆಯಿಂದ. ಅವರ ಗದ್ಯ ಒಣಗಿದ್ದು ಎನ್ನುವವರಿದ್ದಾರೆ. ಕಾಗದಪತ್ರವನ್ನು ನಂಬಿ, ಅದರಾಚೆ ಒಂದು ಮಾತನ್ನೂ ಆಡದ ಗದ್ಯ ಹಾಗೆಯೇ ಇರುತ್ತದೆ.

ಅನಂತರದ್ದು ನಮ್ಮ ಕಾಲ. 1970ರ ದಶಕದಲ್ಲಿ ಸೂರ್ಯನಾಥ ಕಾಮತರು ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಸಂಪುಟಗಳನ್ನು ಸಂಪಾದಿಸಿದರು. ಹಿಂಡಲಗಿ, ಯರವಡಾ ಜೇಲು ಕಂಡವರು ಆಗಿನ್ನೂ ಬದುಕಿದ್ದರು. ಅವರ ಮನೆಬಾಗಿಲಿಗೆ ಹೋಗಿ, ಹೇಳಿಸಿ, ಬರೆಸಿಕೊಳ್ಳಬೇಕು ಎಂಬ ಬುದ್ಧಿಯೇ ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದು. ಅದನ್ನು ನೋಡಿ ನಾವೂ ನೋಟುಬುಕ್ಕು ಹಿಡಿದು ಹಳ್ಳಿ ತಿರುಗಿದೆವು. ಭೂಗತ ಕಾರ್ಯಕರ್ತರಿಗೆ ರೊಟ್ಟಿ ಕಟ್ಟಿಕೊಟ್ಟ ತಾಯಂದಿರು, ಸುದ್ದಿ ಮುಟ್ಟಿಸಿದ ಓಲೆಕಾರರು, ಗೌಡಿಕೆಗೆ ರಾಜೀನಾಮೆ ಕೊಟ್ಟು ವತನ ಕಳೆದುಕೊಂಡ ಮನೆಗಳು ಹಾಗೆ ಗೊತ್ತಾದವು. ಸಿದ್ಧಾಂತ ಓದಿ ಬಂದ ಈಗಿನ ಕೆಲವರು ಈ ಸಂಗ್ರಹಗಳನ್ನು ಹೊಗಳಿಕೆಯ ಪುಸ್ತಕಗಳೆಂದು ಬದಿಗಿಡುತ್ತಾರೆ. ಒಂದು ತಲೆಮಾರು ಬಾಯಿಬಿಟ್ಟು ಹೇಳಿದ್ದನ್ನು ಓದದೆ ಅದರ ಮನಸ್ಸನ್ನು ವಿಶ್ಲೇಷಿಸುವುದು ನನಗೆ ಒಪ್ಪಿತವಲ್ಲ.

ಆದರೂ ಆ ಸಂಗ್ರಹಗಳಲ್ಲಿ ಮಾತಾಡಿದವರು ಬಹುಪಾಲು ಓದು ಬಲ್ಲ, ಹೊಲಮನೆಯುಳ್ಳ ಗಂಡಸರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರ ವಸೂಲು ಮಾಡಿದ್ದ ಕಂದಾಯದ ಮೇಲೆ ಕೈಹಾಕಲು ಹೋಗಿ ಮೂವರು ಗುಂಡಿಗೆ ಬಲಿಯಾದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಹೆಸರು ನಾಡಿಗೆಲ್ಲ ಗೊತ್ತು. ದಂಡಿಯಾತ್ರೆಯಲ್ಲಿ ಗಾಂಧೀಜಿಯವರ ಹಿಂದೆ ನಡೆದ ಹುಡುಗ ಅವರು. ಜೊತೆಗೆ ಸತ್ತ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರಿಗೆ ಪಠ್ಯದಲ್ಲಿ ಸಿಗುವುದು ಅರ್ಧ ಸಾಲು. ಬಟ್ಟೆ ಒಗೆಯುವ ಮನೆತನದ ಒಬ್ಬ ಯುವಕ ಕಂದಾಯದ ಹಣಕ್ಕೆ ಏಕೆ ಎದೆಯೊಡ್ಡಿದ ಎಂದು ಕೇಳಿದ್ದರೆ ನಮ್ಮ ಚಳವಳಿಯ ಚರಿತ್ರೆಯೇ ಬೇರೆ ಕಡೆಗೆ ತಿರುಗುತ್ತಿತ್ತು.

ಜಾತಿಲೆಕ್ಕದ ಓದು ಎಡವುವುದೂ ಇಂಥಲ್ಲೇ. ಶಿಗ್ಗಾವಿ ತಾಲೂಕಿನ ಅರಟಾಳದ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಸೇರಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳ ಪ್ರಯತ್ನದಿಂದ 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಶಿವಯೋಗಮಂದಿರ ಬಂದವು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಹುಟ್ಟಿತು. 1920ರಲ್ಲಿ ಹುಬ್ಬಳ್ಳಿಯ ಬ್ರಾಹ್ಮಣೇತರ ಪರಿಷತ್ತಿಗೆ ಕೊಲ್ಲಾಪುರದ ಶಾಹು ಮಹಾರಾಜರು ಬಂದರು, ಸಿದ್ದಪ್ಪ ಕಂಬಳಿಯವರು ಮುಂದೆ ಮುಂಬೈ ಸರ್ಕಾರದಲ್ಲಿ ಮಂತ್ರಿಯಾದರು. ಒಕ್ಕಲುತನದ ಮನೆಯ ಹುಡುಗ ಪೇಟೆಯ ಪ್ರಸಾದನಿಲಯದಲ್ಲಿ ಎರಡು ಹೊತ್ತು ಉಂಡು ಓದುವಂತಾದದ್ದು ಈ ರಾಜಕೀಯದ ತಿರುಳು. ಆ ಪಂಕ್ತಿಯಲ್ಲಿ ಯಾರಿಗೆ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಪ್ರಸಾದನಿಲಯಗಳ ದಾಖಲಾತಿ ಪುಸ್ತಕಗಳಲ್ಲಿ ಇರಬೇಕಾದ ಸಂಗತಿ. ಈ ವಿಷಯದಲ್ಲಿ ನಮಗಿರುವ ಬರಹವೆಲ್ಲ ಬಹುಮಟ್ಟಿಗೆ ಸ್ಮರಣಸಂಚಿಕೆ, ಶತಮಾನೋತ್ಸವ ಗ್ರಂಥ.

ಇತ್ತ 1970ರ ದಶಕದಿಂದ ಮೈಸೂರಿನ ಮೇಲೆ ದೊಡ್ಡ ಕೆಲಸಗಳು ಬಂದವು. ಜೇಮ್ಸ್ ಮ್ಯಾನರ್ 1977ರಲ್ಲಿ ಮೈಸೂರಿನ ರಾಜಕೀಯ ಬದಲಾವಣೆಯ ಬಗ್ಗೆ, ಬ್ಯೋರ್ನ್ ಹೆಟ್ನೆ 1978ರಲ್ಲಿ ಅಲ್ಲಿನ ಅರ್ಥವ್ಯವಸ್ಥೆಯ ಬಗ್ಗೆ, ಜಾನಕಿ ನಾಯರ್ 2011ರಲ್ಲಿ ಅದರ ಆಧುನಿಕತೆಯ ಬಗ್ಗೆ ಬರೆದರು. ಮೂರೂ ಒಳ್ಳೆಯ ಪುಸ್ತಕಗಳು. ಮ್ಯಾನರ್ ತಮ್ಮ ಕಥನವನ್ನು 1955ಕ್ಕೆ ನಿಲ್ಲಿಸಿದರು, ಅಂದರೆ ನಾವು ಮೈಸೂರಿಗೆ ಸೇರುವ ಹಿಂದಿನ ವರ್ಷಕ್ಕೆ. ಇದರಲ್ಲಿ ಅವರ ತಪ್ಪೇನಿಲ್ಲ. ಓದಿ ಅದನ್ನೇ ಇಡೀ ಕರ್ನಾಟಕ ಎಂದುಕೊಂಡವರದು ತಪ್ಪು. ಮೈಸೂರಿನ ಕಡತಗಳು ಬೆಂಗಳೂರಿನಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ, ಒಂದೇ ಸೂರಿನಡಿ ಸಿಗುತ್ತವೆ. ನಮ್ಮವು ಮುಂಬೈ, ಪುಣೆ, ಧಾರವಾಡದ ಕಚೇರಿಗಳಲ್ಲಿ ಚದುರಿವೆ. ಹಳೆಯವು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲ ಚರಿತ್ರೆಯ ವಿದ್ಯಾರ್ಥಿ ನಮ್ಮಲ್ಲಿ ಇಂದು ಅಪರೂಪ.

ಗಡಿಯ ನೋವಿನಾಚೆಗೂ ಜನರ ಬದುಕನ್ನು ಬರೆಯಬಹುದು ಎಂಬುದಕ್ಕೆ ಇಲ್ಲಿ ಹಂಗೇರಿಯ ಮಾತು ಬರಬೇಕು. 1920ರ ಜೂನ್‌ನಲ್ಲಿ ತ್ರಿಯಾನೊ ಒಪ್ಪಂದದಿಂದ ಆ ದೇಶ ತನ್ನ ನೆಲದ ಸುಮಾರು ಮೂರರಲ್ಲಿ ಎರಡು ಭಾಗ ಕಳೆದುಕೊಂಡಿತು. ಅದೇ ವರ್ಷ ಧಾರವಾಡದಲ್ಲಿ ಸೇರಿದ ಪರಿಷತ್ತು ಹರಿದುಹೋದ ಕನ್ನಡ ನಾಡನ್ನು ಕೂಡಿಸಬೇಕೆಂದಿತು. ನಮ್ಮಂತೆ ಹಂಗೇರಿಯ ರಾಜಕೀಯವೂ ದಶಕಗಳ ಕಾಲ ಗಡಿಯ ನೋವಿನ ಸುತ್ತಲೇ ಸುತ್ತಿತು. ಆದರೆ 1930ರ ದಶಕದಲ್ಲಿ ಅಲ್ಲಿ ಹಳ್ಳಿಗಳನ್ನು ಹೊಕ್ಕು ನೋಡಿ ಬರೆಯುವ ಲೇಖಕರ ಒಂದು ಗುಂಪು ಎದ್ದಿತು. ಅವರಲ್ಲೊಬ್ಬರಾದ ದ್ಯುಲಾ ಇಯ್ಯೇಶ್ 1936ರಲ್ಲಿ, ದೊಡ್ಡ ಜಮೀನ್ದಾರರ ಎಸ್ಟೇಟುಗಳಲ್ಲಿ ಕಾಳುಕಡಿಗೆ ದುಡಿಯುತ್ತಿದ್ದ ಆಳುಗಳ ಬದುಕಿನ ಮೇಲೆ ಪುಸ್ತಕ ಬರೆದರು. ಅವರು ಹುಟ್ಟಿದ್ದೇ ಅಂಥ ಒಂದು ಎಸ್ಟೇಟಿನಲ್ಲಿ. ಉಳಿದ ಗಡಿಯೊಳಗೆ ಜನ ಹೇಗಿದ್ದಾರೆ ಎಂಬ ಪ್ರಶ್ನೆ ಆ ಲೇಖಕರಿಂದ ದೇಶದ ಪ್ರಶ್ನೆಯಾಯಿತು. ಜಮೀನು ಹಂಚಿಕೆ ಆದದ್ದು ಅದರ ನಂತರ, 1945ರಲ್ಲಿ.

ನಮ್ಮಲ್ಲಿ ಏಕೀಕರಣ, ಗಡಿಯ ಬಗ್ಗೆ, ಅಂದರೆ ಫಜಲ್ ಅಲಿ ಆಯೋಗ, ಅದರಗುಂಚಿ ಶಂಕರಗೌಡರ ಉಪವಾಸ, ಮಹಾಜನ ವರದಿಗಳ ಮೇಲೆ ಕಪಾಟು ತುಂಬ ಬರಹವಿದೆ. 1974ರ ಭೂಸುಧಾರಣೆಯ ಮೇಲೆ ಹಾನಗಲ್ಲ ತಾಲೂಕಿನ ಮಟ್ಟಿಗೆ ನಾನು ಕಂಡಂತೆ ಒಂದು ಪುಸ್ತಕವೂ ಇಲ್ಲ. ಗೇಣಿಯ ಹಕ್ಕು ಕೇಳುವ ಫಾರ್ಮ್ ನಂಬರ್ ಏಳು ತುಂಬಿದವರು ಯಾರು, ಧಣಿಯ ಹೆದರಿಕೆಗೋ ದಾಕ್ಷಿಣ್ಯಕ್ಕೋ ತುಂಬದೆ ಉಳಿದವರು ಯಾರು, ಉತಾರದಲ್ಲಿ ಹೆಸರು ಬಂದ ಮೇಲೂ ಹೊಲ ಮಾರಿದವರು ಯಾರು? ಎಲ್.ಜಿ. ಹಾವನೂರರ 1975ರ ವರದಿ ಹಿಂದುಳಿದ ವರ್ಗಗಳ ಬದುಕನ್ನೇ ಬದಲಿಸಿತು. ರಾಣೇಬೆನ್ನೂರಿನ ಈ ವಕೀಲರ ಮೇಲೆ ಅವರ ಸ್ವಂತ ಸೀಮೆಯಿಂದ ಆಗಬೇಕಾದಷ್ಟು ಕೆಲಸ ಆಗಿಲ್ಲ.

ರೈತ ಚಳವಳಿಯ ಅದೃಷ್ಟ ಸ್ವಲ್ಪ ವಾಸಿ. 1980ರ ನರಗುಂದ-ನವಲಗುಂದದ ಮೇಲೆ ಎಂ.ವಿ. ನಾಡಕರ್ಣಿ, ಮುಜಾಫರ್ ಅಸ್ಸಾದಿ ಅವರಂಥವರು ಬರೆದಿದ್ದಾರೆ. ಆದರೆ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ಬೇರೆ ಗಿಡ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಹೆಚ್ಚಾಗಿ ಪರಿಸರದ ಪುಸ್ತಕಗಳಲ್ಲೇ ಉಳಿದಿದೆ. ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿಗೆ ಪಡೆದಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿ 1991ರಲ್ಲಿ ಮುಚ್ಚಿತು. ದನ ಮೇಯಿಸುವ, ಸೌದೆ ತರುವ ಜನ ಸರ್ಕಾರದ ಒಂದು ನಿರ್ಧಾರವನ್ನು ಹಿಂದೆಗೆಸಿದ ಈ ಘಟನೆ ರಾಜಕೀಯ ಚರಿತ್ರೆಯಾಗದಿದ್ದರೆ ಮತ್ತಾವುದು ಆಗಬೇಕು?

ಇಂಥ ಮರೆವು ಸವಣೂರಿನ ವಿಷಯದಲ್ಲೂ ಇದೆ. ಅಲ್ಲಿನ ನವಾಬಶಾಹಿ 1948ರಲ್ಲಿ ವಿಲೀನವಾಯಿತು. ಆ ಊರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ವರದಿಯಿಂದ ಕನ್ನಡಕ್ಕಾಗಿ ಒಂದು ಚಳವಳಿ ಎದ್ದಿತು, ಅದೇ ತಾಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ಅದರ ಮುಂಚೂಣಿಯಲ್ಲಿದ್ದರು. ಇದನ್ನು ಸಾಹಿತ್ಯಚರಿತ್ರೆ ದಾಖಲಿಸಿದೆ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವಿಕೆಯನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡರು. ಪತ್ರಿಕೆಗಳು ಬರೆದವು, ಸರ್ಕಾರ ಧಾವಿಸಿತು. ಅವರು ಆ ಊರಿಗೆ ಎಂದು, ಯಾರು ಕರೆಸಿದ್ದಕ್ಕೆ ಬಂದರು, ನವಾಬಶಾಹಿ ಹೋಗಿ ಪುರಸಭೆ ಬಂದಾಗ ಅವರ ಪಾಲಿಗೆ ಏನು ಬದಲಾಯಿತು ಎಂಬ ಚರಿತ್ರೆ ಬರೆಯುವುದು ನಮ್ಮ ಕೆಲಸವಾಗಿತ್ತು. ಹುಬ್ಬಳ್ಳಿ, ಗದಗಿನ ‘ಅಪರಾಧಿ ಬುಡಕಟ್ಟು’ ಸೆಟ್ಲಮೆಂಟುಗಳಲ್ಲಿ ತಂತಿಬೇಲಿಯೊಳಗೆ ಕಾಲ ಕಳೆದ ಕುಟುಂಬಗಳ ವಿಷಯವೂ ಹೀಗೆಯೇ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಕನ್ನಡದಲ್ಲೇ ಇಂಥ ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿತು. ಈಗಿನ ತರುಣರಲ್ಲಿ ಆ ಧೈರ್ಯ ಬೇಕಾದಷ್ಟಿದೆ, ಕಾಗದಪತ್ರದ ಶಿಸ್ತು ಸಾಲದು. ಹಾಲಪ್ಪನವರ ಶಿಸ್ತು, ಕಾಮತರ ಕಾಲ್ನಡಿಗೆ ಎರಡನ್ನೂ ಮತ್ತೆ ಕಲಿಯಬೇಕು. 1974ರಲ್ಲಿ ಇಪ್ಪತ್ತೈದು ವರ್ಷದ ರೈತನಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ತಿಳವಳ್ಳಿ, ಅಕ್ಕಿಆಲೂರು, ಬಂಕಾಪುರ, ಹಂಸಭಾವಿಯ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಈ ವರ್ಷವೇ ಅವರ ಮನೆಗಳಿಗೆ ಕಳಿಸಲಿ. ಮನೆಯ ಅಟ್ಟದಲ್ಲಿ ಹಳೆಯ ಲಾವಣಿಪತ್ರ, ಸಾಲದ ಕೈಬರಹ, ಟ್ರಿಬ್ಯೂನಲ್ ಆದೇಶ ಇಟ್ಟುಕೊಂಡವರು ಅವನ್ನು ರದ್ದಿಗೆ ಹಾಕುವ ಮುಂಚೆ ಹತ್ತಿರದ ಕಾಲೇಜಿನ ಚರಿತ್ರೆಯ ಮೇಷ್ಟ್ರಿಗೆ ಒಮ್ಮೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.