ಒಂದು ವರ್ಷದ ದೂರದರ್ಶನ

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಮನೆಯ ಹಜಾರದಲ್ಲಿ ರೇಡಿಯೋ ಇಟ್ಟುಕೊಂಡಿದ್ದ ಕುಟುಂಬಗಳಿಗೆ ೧೯೭೫ನೆಯ ಇಸವಿ ಸಂತೋಷದ ಕಾಲವೆಂದೇ ಹೇಳಬೇಕು. ೧೯೫೫ರಲ್ಲಿ ಬೆಂಗಳೂರಿಗೆ ಹೊರಟುಹೋಗಿದ್ದ ಮೈಸೂರು ಆಕಾಶವಾಣಿ ಕೇಂದ್ರ ಸುಮಾರು ಎರಡು ದಶಕಗಳ ತರುವಾಯ, ೧೯೭೪ರ ನವೆಂಬರಿನಲ್ಲಿ, ಮರಳಿ ಮೈಸೂರಿನಿಂದಲೇ ಮಾತನಾಡತೊಡಗಿತ್ತು. ಅಂಚೆ ಕಚೇರಿಯಲ್ಲಿ ವರುಷವರುಷವೂ ಲೈಸೆನ್ಸಿನ ಹಣ ಕಟ್ಟುತ್ತಿದ್ದವರಿಗೆ ಕಪಿಲಾ ತೀರದ ಸುದ್ದಿಯನ್ನು ಬಲ್ಲ ಒಂದು ದನಿ ಹತ್ತಿರದಲ್ಲೇ ದೊರೆತಂತಾಯಿತು.

ಆದರೆ ದೂರದರ್ಶನದ ಮಾತೇನು? ಆ ಹೊತ್ತಿಗೆ ಅದು ನಂಜನಗೂಡಿನಲ್ಲಿ ಇರಲಿಲ್ಲ, ಮೈಸೂರಿನಲ್ಲಿ ಇರಲಿಲ್ಲ, ರಾಜಧಾನಿಯಾದ ಬೆಂಗಳೂರಿನಲ್ಲಿಯೂ ಇರಲಿಲ್ಲ. ಕರ್ನಾಟಕದಲ್ಲಿ ದಿನದಿನವೂ ಕನ್ನಡದ ದೂರದರ್ಶನವನ್ನು ಮೊದಲು ಕಂಡವರು ಯಾರು ಎಂದು ಕೇಳಿದರೆ, ಪೇಟೆಯಲ್ಲಿರುವ ನಾವು ನೀವೆಲ್ಲರೂ ಬೆಂಗಳೂರಿನವರೆಂದೇ ಉತ್ತರ ಕೊಟ್ಟೇವು. ನಿಜ ಸಂಗತಿ ಬೇರೆ. ಅದನ್ನು ಕಂಡವರು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳ ಒಕ್ಕಲು ಮಕ್ಕಳು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಸರಿಯಾಗಿ ಒಂದು ವರುಷ, ಆಕಾಶದಲ್ಲಿ ನಿಂತ ಒಂದು ಉಪಗ್ರಹದ ಮೂಲಕ ಚಿತ್ರವೂ ಮಾತೂ ಅವರ ಊರಿನ ಶಾಲೆಯ ಅಂಗಳಕ್ಕೆ ಇಳಿದು ಬಂದುವು. ಆ ವರುಷದ ಕಥೆಯನ್ನು ರೇಡಿಯೋ ಕೇಳುವ ನಾವು ತಿಳಿದುಕೊಳ್ಳುವುದು ಮೇಲು. ಏಕೆಂದರೆ ಅದರಲ್ಲಿ ನಮಗೂ ಸಂಬಂಧಪಟ್ಟ ಒಂದು ಪ್ರಶ್ನೆಯಿದೆ.

ಭಾರತದಲ್ಲಿ ದೂರದರ್ಶನ ಹುಟ್ಟಿದ್ದು ೧೯೫೯ರ ಸೆಪ್ಟೆಂಬರ್ ೧೫ರಂದು, ದೆಹಲಿಯಲ್ಲಿ. ಅದೂ ಆಕಾಶವಾಣಿಯ ಒಂದು ಕೂಸಾಗಿ. ಮೊದಲು ವಾರಕ್ಕೆ ಕೆಲವೇ ಗಂಟೆಗಳ ಪ್ರಯೋಗ. ೧೯೬೫ರಿಂದ ದಿನವಹಿ ಪ್ರಸಾರ. ೧೯೬೭ರಲ್ಲಿ ರೈತರಿಗಾಗಿ ‘ಕೃಷಿ ದರ್ಶನ’ವೆಂಬ ಕಾರ್ಯಕ್ರಮ ಆರಂಭವಾಯಿತಾದರೂ ಅದು ದೆಹಲಿಯ ಸುತ್ತಣ ಹಳ್ಳಿಗಳನ್ನು ದಾಟಲಿಲ್ಲ. ಮುಂಬಯಿಗೆ ಕೇಂದ್ರ ಬಂದದ್ದು ೧೯೭೨ರಲ್ಲಿ. ಹೀಗೆ ಒಂದೊಂದೇ ನಗರದಲ್ಲಿ ಗೋಪುರ ಕಟ್ಟುತ್ತ ಹೋದರೆ ದೇಶದ ಹಳ್ಳಿಗಳನ್ನು ಮುಟ್ಟುವುದಕ್ಕೆ ಎಷ್ಟು ಕಾಲ ಹಿಡಿದೀತು? ಈ ಪ್ರಶ್ನೆಯನ್ನು ಬಲವಾಗಿ ಎತ್ತಿದವರು ವಿಜ್ಞಾನಿ ವಿಕ್ರಮ್ ಸಾರಾಭಾಯಿ. ನಗರದಿಂದ ಹಳ್ಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದಲು, ಉಪಗ್ರಹದ ನೆರವಿನಿಂದ ಎಲ್ಲಕ್ಕಿಂತ ಹಿಂದುಳಿದ ಹಳ್ಳಿಗೇ ಮೊದಲು ಹೋಗಬಾರದೇಕೆ ಎಂಬುದು ಅವರ ವಾದ. ೧೯೬೯ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಈ ವಿಚಾರದಲ್ಲಿ ಒಪ್ಪಂದವಾಯಿತು. ೧೯೭೧ರ ಡಿಸೆಂಬರಿನಲ್ಲಿ ತೀರಿಕೊಂಡ ಸಾರಾಭಾಯಿಯವರು ಅದರ ಫಲವನ್ನು ಕಣ್ಣಾರೆ ಕಾಣಲಿಲ್ಲ. ಯಶ್ ಪಾಲ್, ಇ. ವಿ. ಚಿಟ್ನಿಸ್ ಮೊದಲಾದವರು ಅಹಮದಾಬಾದಿನಲ್ಲಿ ಆ ಕೆಲಸವನ್ನು ಮುಂದುವರಿಸಿದರು.

ಇನ್ನು ಅದರ ರೀತಿಯನ್ನು ಸ್ವಲ್ಪ ನೋಡೋಣ. ರೇಡಿಯೋದ ಮಧ್ಯಮ ತರಂಗ ನೆಲವನ್ನು ಹಿಡಿದು ಸಾಗಿ ನಿಮ್ಮ ಮನೆಯನ್ನು ಮುಟ್ಟುತ್ತದೆಯಷ್ಟೆ. ದೂರದರ್ಶನದ ತರಂಗ ಹಾಗಲ್ಲ. ಅದು ಹೆಚ್ಚುಕಡಿಮೆ ನೇರವಾಗಿ ಓಡುವಂಥದು. ಗುಡ್ಡ ಅಡ್ಡ ಬಂದರೆ, ಭೂಮಿಯ ಬಾಗು ಅಡ್ಡ ಬಂದರೆ, ಅದು ಮುಂದಕ್ಕೆ ಹೋಗದು. ಆದುದರಿಂದ ಗೋಪುರ ಎಷ್ಟು ಎತ್ತರವಿದ್ದರೂ ಅದರ ಕೈ ಎಟುಕುವುದು ಸ್ವಲ್ಪ ದೂರಕ್ಕೆ ಮಾತ್ರ. ಆದರೆ ಗೋಪುರವನ್ನೇ ಮೂವತ್ತಾರು ಸಾವಿರ ಕಿಲೋಮೀಟರಿನಷ್ಟು ಎತ್ತರದಲ್ಲಿ ತೂಗುಹಾಕಿದರೆ? ಭೂಮಧ್ಯರೇಖೆಯ ಮೇಲೆ ಅಷ್ಟು ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿ ತಿರುಗುವ ವೇಗಕ್ಕೆ ಸಮನಾಗಿ ತಿರುಗುವುದರಿಂದ, ನೋಡುವವರಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ನಾಸಾದ ಎ.ಟಿ.ಎಸ್.-೬ ಎಂಬ ಉಪಗ್ರಹ ೧೯೭೪ರ ಮೇ ತಿಂಗಳಲ್ಲಿ ಮೇಲಕ್ಕೆ ಏರಿತ್ತು. ಒಂದು ವರುಷ ಅಮೆರಿಕಕ್ಕೆ ಸೇವೆ ಸಲ್ಲಿಸಿದ ಮೇಲೆ, ಅದನ್ನು ಮೆಲ್ಲನೆ ಸರಿಸಿ, ಭಾರತವನ್ನು ನೋಡುವಂತೆ ಆಫ್ರಿಕದ ಪೂರ್ವಭಾಗದ ಮೇಲೆ ತಂದು ನಿಲ್ಲಿಸಿದರು. ಕೊಡೆಯಂತೆ ಬಿಚ್ಚಿಕೊಳ್ಳುವ ಅದರ ಆಂಟೆನಾ ಮೂವತ್ತು ಅಡಿ ಅಗಲವಿತ್ತು. ಮೇಲಿನದು ಅಷ್ಟು ದೊಡ್ಡದಾದ್ದರಿಂದಲೇ ಕೆಳಗೆ ಹಳ್ಳಿಯಲ್ಲಿ ಚಿಕ್ಕದು ಸಾಕಾಯಿತು: ಹತ್ತು ಅಡಿ ಅಗಲದ ಒಂದು ಬೋಗುಣಿ, ಅದಕ್ಕೆ ಕೋಳಿಗೂಡಿಗೆ ಹಾಕುವಂಥ ತಂತಿಬಲೆ. ಅದನ್ನು ಆಕಾಶದ ಒಂದು ಬಿಂದುವಿಗೆ ಗುರಿಯಿಟ್ಟು ನಿಲ್ಲಿಸಿ, ಕೆಳಗೆ ಒಂದು ದೊಡ್ಡ ಸೆಟ್ಟನ್ನು ಜೋಡಿಸಿದರೆ ಮುಗಿಯಿತು.

ಹೀಗೆ ಆರು ರಾಜ್ಯಗಳಲ್ಲಿ ಸುಮಾರು ೨,೪೦೦ ಹಳ್ಳಿಗಳಿಗೆ ಸೆಟ್ಟುಗಳು ಹೋದುವು. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಇವೇ ಆ ರಾಜ್ಯಗಳು. ಒಂದೊಂದು ರಾಜ್ಯಕ್ಕೆ ಸರಾಸರಿ ನಾನೂರು ಹಳ್ಳಿಗಳು ಬಂದಂತಾಯಿತು. ಪ್ರಸಾರ ದಿನಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ. ಕನ್ನಡ, ತೆಲುಗು, ಒಡಿಯಾ, ಹಿಂದಿ ಈ ನಾಲ್ಕು ಭಾಷೆಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ, ಜೊತೆಗೆ ಎಲ್ಲ ರಾಜ್ಯಗಳಿಗೂ ಸೇರಿದಂತೆ ಹಿಂದಿಯಲ್ಲಿ ಒಂದು ಸಾಮಾನ್ಯ ಕಾರ್ಯಕ್ರಮ, ಅದರಲ್ಲಿ ವಾರ್ತೆ. ಉಪಾಧ್ಯಾಯರಿಗೂ ಇದೇ ಸೆಟ್ಟಿನ ಮೂಲಕ ರಜಾಕಾಲದಲ್ಲಿ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು.

ಆ ಒಂದು ವರುಷದಲ್ಲಿ ದೇಶದ ಪ್ರಸಾರ ವ್ಯವಸ್ಥೆಯಲ್ಲಿಯೂ ಎಷ್ಟೊಂದು ಮಾರ್ಪಾಡುಗಳಾದುವು, ನೋಡಿ. ಪ್ರಯೋಗ ಆರಂಭವಾದ ಆಗಸ್ಟ್ ತಿಂಗಳಲ್ಲೇ ಕಲ್ಕತ್ತೆಗೂ ಮದರಾಸಿಗೂ ದೂರದರ್ಶನ ಕೇಂದ್ರಗಳು ಬಂದುವು, ನವೆಂಬರಿನಲ್ಲಿ ಲಖನೌಗೆ. ೧೯೭೬ರ ಜನವರಿಯಿಂದ ದೂರದರ್ಶನದಲ್ಲಿ ಜಾಹಿರಾತುಗಳಿಗೆ ಅವಕಾಶವಾಯಿತು. ಏಪ್ರಿಲ್ ೧ರಂದು ದೂರದರ್ಶನವು ಆಕಾಶವಾಣಿಯ ಮನೆಯಿಂದ ಬೇರೆಯಾಗಿ ತನ್ನದೇ ಸಂಸಾರ ಹೂಡಿತು. ಹಳ್ಳಿಯವರು ನೋಡಲು ತೊಡಗಿದಾಗ ಆಕಾಶವಾಣಿಯ ಅಂಗವಾಗಿದ್ದುದು, ನೋಡಿ ಮುಗಿಸುವ ಹೊತ್ತಿಗೆ ಸ್ವತಂತ್ರ ಇಲಾಖೆಯಾಗಿತ್ತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ಪ್ರಯೋಗದ ಮೊದಲ ದಿನಕ್ಕೆ ಐದು ವಾರ ಮುಂಚೆ, ೧೯೭೫ರ ಜೂನ್ ೨೫ರಂದು, ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರು ಕುಳಿತಿದ್ದ ಕಾಲ. ಸರ್ಕಾರ ಹೇಳುವುದು, ಜನ ಕೇಳುವುದು ಎಂಬ ಕ್ರಮ ಎಲ್ಲೆಡೆಯೂ ಬಿಗಿಯಾಗಿದ್ದಾಗಲೇ ಈ ಹೊಸ ಯಂತ್ರ ಹಳ್ಳಿಗೆ ಕಾಲಿಟ್ಟಿತು.

ಈಗ ಫಲದ ವಿಚಾರ. ಮೊದಮೊದಲು ಇಡೀ ಊರೇ ಸೆಟ್ಟಿನ ಮುಂದೆ ನೆರೆಯುತ್ತಿತ್ತು. ಹೊಸತನ ಕಳೆದ ಮೇಲೆ ಜನ ಕಡಿಮೆಯಾದರು; ಆದರೂ ಸಂಜೆಯ ಹೊತ್ತು ಒಂದು ಸೆಟ್ಟಿಗೆ ಸರಾಸರಿ ನೂರು ಮಂದಿ ಉಳಿದರೆಂಬುದು ಸಣ್ಣ ಮಾತಲ್ಲ. ವಿದ್ವಾಂಸರು ಕೆಲವು ಹಳ್ಳಿಗಳಲ್ಲಿ ತಿಂಗಳಾನುಗಟ್ಟಲೆ ವಾಸವಾಗಿದ್ದು ಪರೀಕ್ಷಿಸಿದರು. ಆರೋಗ್ಯ, ಶುಚಿತ್ವ ಮುಂತಾದ ವಿಷಯಗಳಲ್ಲಿ ತಿಳಿವಳಿಕೆ ಹೆಚ್ಚಿತ್ತು. ಅದರಲ್ಲಿಯೂ ಓದುಬರಹ ಬಾರದವರು ಮತ್ತು ಹೆಂಗಸರು ಹೆಚ್ಚು ಗಳಿಸಿದ್ದರು. ಮಕ್ಕಳ ಭಾಷೆ ಬೆಳೆದಿತ್ತು, ಕಲಿಯುವ ಕುತೂಹಲ ಚಿಗುರಿತ್ತು. ಆದರೆ ಶಾಲೆಗೆ ಸೇರುವವರ ಸಂಖ್ಯೆ ಏರಲಿಲ್ಲ. ಬೇಸಾಯದಲ್ಲಿಯೂ ನಿರೀಕ್ಷಿಸಿದಷ್ಟು ಪ್ರಯೋಜನ ಕಾಣಲಿಲ್ಲ.

ಬೇಸಾಯದಲ್ಲಿ ಏಕೆ ಸೋತಿತು? ಇದಕ್ಕೆ ಉತ್ತರವನ್ನು ನಿಮ್ಮ ಊರಿನಲ್ಲಿಯೇ ಕಾಣಬಹುದು. ನರಸೀಪುರದ ನಾಲೆಯ ಬಯಲಿನಲ್ಲಿ ಬತ್ತ ನೆಡುವವನಿಗೂ ಕೆಲವೇ ಮೈಲಿಗಳಾಚೆ ಮಳೆಯನ್ನೇ ನಂಬಿ ರಾಗಿ ಬಿತ್ತುವವನಿಗೂ ಒಂದೇ ಸಲಹೆ ಒಗ್ಗದು. ನಂಜನಗೂಡಿನ ರಸಬಾಳೆ ಬೆಳೆಯುವವನಿಗೆ ಹೇಳುವ ಮಾತು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವನಿಗೆ ಆಗದು. ಹೀಗಿರಲು, ಒಂದೇ ಕಾರ್ಯಕ್ರಮ ವಿಜಾಪುರದ ಜೋಳದ ಹೊಲಕ್ಕೂ ಗುಲ್ಬರ್ಗಾದ ತೊಗರಿಗೂ ರಾಯಚೂರಿನ ನೀರಾವರಿ ಗದ್ದೆಗೂ ಹೊಂದುವುದೆಂತು? ಕನ್ನಡದ ಸಂಜೆಯ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ, ತೆಲುಗಿನವೂ ಅಲ್ಲಿಯೇ. ಹೈದರಾಬಾದು ಪರದೇಶವೇನೂ ಅಲ್ಲ. ರಾಯಚೂರಿಗೆ ಅದು ಬೆಂಗಳೂರಿಗಿಂತ ಸಮೀಪ; ೧೯೫೬ರವರೆಗೆ ಗುಲ್ಬರ್ಗಾದವರಿಗೆ ಅದೇ ರಾಜಧಾನಿ. ದೂರವು ಮೈಲಿಗಳದಲ್ಲ. ನೋಡುವವನ ಮುಖ ತಯಾರಿಸುವವನಿಗೆ ಕಾಣುತ್ತಿರಲಿಲ್ಲ, ಅದೇ ನಿಜವಾದ ದೂರ.

ಭಾಷೆಯ ತೊಡಕೂ ಇದೆ. ಮೈಸೂರಿನವರು ಕಡಲೆಕಾಯಿ ಎನ್ನುವುದು ವಿಜಾಪುರದಲ್ಲಿ ಶೇಂಗಾ. ನಮ್ಮ ಮುಸುಕಿನ ಜೋಳ ಅಲ್ಲಿ ಗೋವಿನಜೋಳ. ಪುಸ್ತಕದ ಕನ್ನಡವನ್ನು ಕೇಳಿದ ಹಳ್ಳಿಗ ಅದನ್ನು ಗೌರವಿಸಿಯಾನು. ತನ್ನದೆಂದು ನಂಬಿ ಬಿತ್ತನೆಯ ಕ್ರಮವನ್ನು ಬದಲಿಸುವುದು ಕಷ್ಟ. ಇನ್ನು ಹಿಂದಿಯ ವಾರ್ತೆಯಂತೂ ಹಿಂದಿ ಬಾರದವನಿಗೆ ಬರಿಯ ಚಿತ್ರ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಇಟಲಿಯಲ್ಲಿ ದೂರದರ್ಶನ ೧೯೫೪ರ ಜನವರಿಯಲ್ಲಿ ಕ್ರಮವಾಗಿ ಆರಂಭವಾದಾಗ, ಅಲ್ಲಿಯೂ ಬಹುಮಂದಿಗೆ ಮನೆಯ ಮಾತು ಒಂದು, ಪುಸ್ತಕದ ಮಾತು ಒಂದು. ಸೆಟ್ಟು ಕೊಳ್ಳಲಾರದವರು ಕಾಫಿ ಅಂಗಡಿಗಳಲ್ಲಿ ನೆರೆದು ನೋಡುತ್ತಿದ್ದರು. ೧೯೬೦ರಲ್ಲಿ ಆಲ್ಬೆರ್ತೊ ಮಾಂಜಿ ಎಂಬ ಶಾಲಾ ಉಪಾಧ್ಯಾಯರು ಓದುಬರಹ ಬಾರದ ವಯಸ್ಕರಿಗೆ ದೂರದರ್ಶನದಲ್ಲಿ ಅಕ್ಷರ ಕಲಿಸಲು ನಿಂತರು. ‘ಕಲಿಯಲು ಎಂದೂ ತಡವಿಲ್ಲ’ ಎಂಬರ್ಥದ ಹೆಸರಿನ ಆ ಪಾಠ ೧೯೬೮ರವರೆಗೆ ನಡೆಯಿತು. ಹಾಳೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತ, ಚಿತ್ರದಿಂದ ಅಕ್ಷರಕ್ಕೆ ಕರೆದೊಯ್ಯುವುದು ಅವರ ಕ್ರಮ. ಊರೂರುಗಳಲ್ಲಿ ಪಾಠ ನೋಡುವ ಕೂಟಗಳಿದ್ದುವು. ಅಲ್ಲಿ ಎಂಟು ವರುಷ ನಡೆದದ್ದು ಇಲ್ಲಿ ಒಂದೇ ವರುಷ. ಕಲಿಕೆಗೆ ಕಾಲವೂ ಒಂದು ಗೊಬ್ಬರವಷ್ಟೆ.

ನಮ್ಮಲ್ಲಿಯೇ ಆ ಪ್ರಯೋಗದ ಮಗ್ಗುಲಲ್ಲಿ ಇನ್ನೊಂದು ಚಿಕ್ಕ ಪ್ರಯೋಗ ನಡೆಯಿತು. ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಗ್ರಾಮದಲ್ಲಿ ಒಂದು ಸಣ್ಣ ಪ್ರಸಾರಕವನ್ನು ನಿಲ್ಲಿಸಿದರು. ಅಹಮದಾಬಾದಿನಿಂದ ತಯಾರಕರು ಹಳ್ಳಿಗೆ ಹೋಗಿ, ಅಲ್ಲಿನ ಜನರನ್ನೇ ಮಾತನಾಡಿಸಿ, ಅಲ್ಲಿನ ಚರೋತರ್ ಸೀಮೆಯ ಆಡುಮಾತಿನಲ್ಲಿಯೇ ನಾಟಕ ಕಟ್ಟಿ, ಕೂಲಿ, ಸಾಲ, ಜಾತಿ ಇಂಥ ಜಗಳದ ವಿಷಯಗಳನ್ನೂ ಬಿಡದೆ ತೋರಿಸಿದರು. ಉಪಗ್ರಹ ಹೋದ ಮೇಲೂ ಅದು ಉಳಿಯಿತು. ಮುಂದೆ ಯುನೆಸ್ಕೋದ ಬಹುಮಾನವನ್ನೂ ಗಳಿಸಿತು.

ಕರ್ನಾಟಕದ ಹಳ್ಳಿಗಳಲ್ಲಿ ನಡೆದುದೇನು? ೧೯೭೬ರ ಜುಲೈ ೩೧ ಕಳೆಯಿತು. ಎ.ಟಿ.ಎಸ್.-೬ ತನ್ನ ದೇಶದ ಕಡೆಗೆ ಹೊರಟಿತು. ತಂತಿಬಲೆಯ ಬೋಗುಣಿಗಳು ಖಾಲಿ ಆಕಾಶವನ್ನು ನೋಡುತ್ತ ನಿಂತುವು. ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಣ ಒಂದು ಪ್ರಸಾರಕ ಕೆಲಸ ಆರಂಭಿಸಿತು. ಆದರೆ ಹಿಂದೆ ಚಿತ್ರ ಕಂಡಿದ್ದ ಎಲ್ಲ ಹಳ್ಳಿಗಳಿಗೂ ಅದು ಎಟುಕಲಿಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರ ನವೆಂಬರ್ ೧ರಂದು. ೧೯೮೨ರಿಂದ ಭಾರತ ತನ್ನದೇ ಇನ್ಸಾಟ್ ಉಪಗ್ರಹಗಳನ್ನು ಹಾರಿಸತೊಡಗಿತು. ಅವುಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೇಂದ್ರ ಸ್ಥಾಪನೆಯಾದುದು ನಮ್ಮ ಹಾಸನದಲ್ಲಿ. ಆ ಪ್ರಯೋಗದಲ್ಲಿ ಇಂಜಿನಿಯರುಗಳು ಕಲಿತದ್ದು ಯಾವುದೂ ವ್ಯರ್ಥವಾಗಲಿಲ್ಲ. ಆದರೆ ಹೊಸ ಉಪಗ್ರಹಗಳ ಚಿತ್ರ ಹೆಚ್ಚಾಗಿ ಇಳಿದುದು ನಗರದ ಮನೆಗಳಿಗೆ, ಬಣ್ಣದ ಸೆಟ್ಟು ಕೊಳ್ಳಬಲ್ಲವರ ಹಜಾರಕ್ಕೆ. ಸಾರಾಭಾಯಿಯವರು ತಲೆಕೆಳಗು ಮಾಡಲು ಹೊರಟ ಕ್ರಮ ಮತ್ತೆ ಹಳೆಯ ಹಾದಿಗೇ ಬಂದಿತು.

ನಂಜನಗೂಡು ನರಸೀಪುರಗಳ ವಾಚಕರೇ, ಕೊಟ್ಟದ್ದನ್ನು ಹಿಂತೆಗೆದುಕೊಂಡರೆ ಹೇಗಿರುತ್ತದೆಂಬುದು ಈ ಸೀಮೆಗೆ ಹೊಸದಲ್ಲ. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಮೂವತ್ತು ವಾಟಿನ ಯಂತ್ರದಿಂದ ಆರಂಭಿಸಿದ ಬಾನುಲಿ ಮೈಸೂರಿನ ಹೆಮ್ಮೆಯಾಗಿತ್ತು. ‘ಆಕಾಶವಾಣಿ’ ಎಂಬ ಹೆಸರೂ ಆ ಕೇಂದ್ರದ್ದೇ. ಅಂಥದು ೧೯೫೫ರಲ್ಲಿ ಬೆಂಗಳೂರಿಗೆ ಹೋದಾಗ ಕನ್ನಡ ಕೇಳಿಸುವುದು ನಿಲ್ಲಲಿಲ್ಲ, ನಿಜ. ಆದರೆ ಮಾತನಾಡುವವರು ಕಪಿಲೆಯಿಂದ ಅಷ್ಟು ದೂರ ಸರಿದರು. ೧೯೭೪ರಲ್ಲಿ ಮರಳಿ ಬಂದಾಗ ನಷ್ಟವೆಷ್ಟೆಂಬುದು ಅರಿವಾಯಿತು.

ರಾಯಚೂರಿನ ಹಳ್ಳಿಗನಿಗೆ ಆ ಭಾಗ್ಯ ಇರಲಿಲ್ಲ. ಅವನ ಸೆಟ್ಟಿಗೆ ಆಕಾಶದಿಂದ ಮಾತು ಬರುತ್ತಿತ್ತೇ ಹೊರತು ಅವನ ಮಾತು ಮೇಲಕ್ಕೆ ಹೋಗುವ ದಾರಿಯಿರಲಿಲ್ಲ. ರೇಡಿಯೋ ಕೇಳುವ ನಿಮಗಾದರೋ ಒಂದು ಅಂಚೆ ಕಾರ್ಡು ಸಾಕು. ಬತ್ತದ ಬೆಂಕಿರೋಗದ ವಿಚಾರ ಹೇಳಿದುದು ಅರ್ಥವಾಗದಿದ್ದರೆ ಕೇಂದ್ರಕ್ಕೆ ಬರೆಯಿರಿ. ಜಾತ್ರೆಯ ಹಾಡುಗಾರನೊಬ್ಬನ ದನಿ ಬಾನುಲಿಗೆ ಬರಬೇಕೆನಿಸಿದರೆ ಅದನ್ನೂ ಬರೆಯಿರಿ. ಆ ಒಂದು ವರುಷ ನೂರು ಮಂದಿ ಶಾಲೆಯ ಅಂಗಳದಲ್ಲಿ ಕುಳಿತು, ಕೇಳಬೇಕೆಂದಿದ್ದರೂ ಕೇಳಲಾಗದೆ ಮನೆಗೆ ಹೋದ ಪ್ರಶ್ನೆಗಳು ಎಷ್ಟಿದ್ದುವೋ, ಅವನ್ನು ಯಾರೂ ಬರೆದಿಡಲಿಲ್ಲ.