ಒಂದು ಪಾಠ, ಎರಡು ಕಂಠ

ಒಬ್ಬರೇ ಗುರುವಿನ ಇಬ್ಬರು ಶಿಷ್ಯರು ಒಂದೇ ರಾಗವನ್ನು ಬೇರೆ ಬೇರೆ ಬಗೆಯಾಗಿ ಹಾಡಿದರೆ ಅವರಲ್ಲಿ ಗುರುನಿಷ್ಠರು ಯಾರು? ಹುಬ್ಬಳ್ಳಿ-ಧಾರವಾಡದ ಸಂಗೀತಚರಿತ್ರೆಯು ನಮ್ಮ ಮುಂದಿಡುವ ಪ್ರಶ್ನೆಯಿದು.

ಪಾಶ್ಚಾತ್ಯರ ಪಿಯಾನೋ ಸಂಗೀತದಲ್ಲಿ ಕೃತಿಯು ಬರಹದಲ್ಲಿಯೇ ಇರುತ್ತದೆ. ಬೀಥೋವನನು ತನ್ನ ಸೊನಾಟಗಳ ಪ್ರತಿಯೊಂದು ಸ್ವರವನ್ನೂ ಬರೆದಿಟ್ಟನು. ಆದರೂ 29ನೆಯ ಸೊನಾಟದ ಆದಿಭಾಗವನ್ನು ಆರ್ಟೂರ್ ಷ್ನಾಬೆಲ್ ಕರ್ತೃ ಸೂಚಿಸಿದ ತೀವ್ರವೇಗವನ್ನೇ ಹಿಡಿಯಲೆಳಸಿ ನುಡಿಸಿದರು. ವಿಲ್ಹೆಲ್ಮ್ ಕೆಂಪ್ಫ್ ನಿಧಾನವಾಗಿ, ತಿಳಿಯಾಗಿ ನುಡಿಸಿದರು. ಬರಹವಿದ್ದಲ್ಲಿಯೇ ಇಷ್ಟು ಭೇದವಿರುವಾಗ, ಕಿವಿಯಿಂದ ಕಂಠಕ್ಕೆ ಇಳಿದುಬರುವ ನಮ್ಮ ಖ್ಯಾಲಿನ ಮಾತೇನು?

ಕುಂದಗೋಳದ ಸವಾಯಿ ಗಂಧರ್ವರು (1886–1952) ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿಯವರು (1922–2011) 1936ರಿಂದ ಗುರುಗೃಹದಲ್ಲಿಯೇ ಇದ್ದು, ಮನೆಗೆಲಸವನ್ನೂ ಮಾಡುತ್ತ ವಿದ್ಯೆಯನ್ನು ಪಡೆದರು.

ಇಬ್ಬರ ತೋಡಿಯನ್ನೂ ಕೇಳಿ ನೋಡಿರಿ. ಎಳೆತನದ ಗ್ರಾಮಫೋನ್ ತಟ್ಟೆಗಳಲ್ಲಿ ತೆಳುವಾಗಿದ್ದ ಗಂಗೂಬಾಯಿಯವರ ಕಂಠವು ಮುಂದೆ ಗಂಭೀರವಾಗಿ ತಗ್ಗಿತು. ಆ ಕಂಠಕ್ಕೆ ತಕ್ಕಂತೆ ಅವರು ಒಂದೊಂದು ಸ್ವರದಲ್ಲಿಯೂ ನಿಂತು, ಅದರ ಭಾರವನ್ನು ತೂಗಿ, ಮುಂದಿನದಕ್ಕೆ ಅಡಿಯಿಡುವರು. ಜೋಶಿಯವರದಾದರೋ ದೀರ್ಘಶ್ವಾಸ, ಸಿಡಿಲಿನಂತಹ ತಾನ. ಕೇಸರಬಾಯಿ ಕೇರ್ಕರ್, ಅಮೀರ್ ಖಾನ್ ಮೊದಲಾದ ಅನ್ಯಶೈಲಿಯವರಿಂದಲೂ ಅವರು ಮೆಚ್ಚಿದುದನ್ನು ಸ್ವೀಕರಿಸಿದರು.

ಹಾಗಾದರೆ ಗುರುವಿನ ಪಾಠವೆಲ್ಲಿ ಹೋಯಿತು? ಅದು ಇಬ್ಬರಲ್ಲಿಯೂ ಇದೆ. ರಾಗವನ್ನು ಸ್ವರಸ್ವರವಾಗಿ ಬೆಳೆಸುವ ಬಢತ್, ಶ್ರುತಿಯ ಶುದ್ಧಿ, ಷಡ್ಜವನ್ನು ಮುಟ್ಟುವ ಮೊದಲು ಕೇಳುವವನನ್ನು ಕಾಯಿಸುವ ತಾಳ್ಮೆ—ಇವು ಕುಂದಗೋಳದ ಸೊತ್ತು. ಕಂಠ ಮಾತ್ರ ಅವರವರದು. ಗುರುವು ಕೊಟ್ಟುದು ರಾಗದ ನಡೆಯನ್ನೇ ಹೊರತು ತನ್ನ ಶಾರೀರದ ಅಚ್ಚನ್ನಲ್ಲ.

ಈ ವಿವೇಚನೆಯು ಕೇವಲ ರಸಿಕರ ವಿನೋದವಲ್ಲ. ಇಂದು ಧ್ವನಿಮುದ್ರಣಗಳು ಕೈಗೆ ಸುಲಭವಾಗಿ ಸಿಗುವುದರಿಂದ, ಗುರುವಿಲ್ಲದೆಯೂ ಹಾಡನ್ನು ಒಪ್ಪಿಸುವುದು ಸಾಧ್ಯವಾಗಿದೆ. ಜೋಶಿಯವರ ಗರ್ಜನೆಯನ್ನು ಅನುಕರಿಸುವ ತರುಣನು ಅವರ ಕಂಠವನ್ನು ಎರವಲು ಪಡೆದನೇ ಹೊರತು ಅವರು ಕಲಿತ ಪಾಠವನ್ನಲ್ಲ. ಒಂದೇ ತಟ್ಟೆಯನ್ನು ನೂರು ಸಲ ಕೇಳುವುದಕ್ಕಿಂತ, ಒಂದೇ ರಾಗವನ್ನು ಇಬ್ಬರಿಂದ ಕೇಳುವುದು ಮೇಲು. ಅವರು ಎಲ್ಲಿ ಅಗಲುವರೋ ಅಲ್ಲಿ ಕಲಾವಿದರು ಕಾಣುವರು. ಎಲ್ಲಿ ಕೂಡುವರೋ ಅಲ್ಲಿ ಗುರು ಕಾಣುವನು.