ವ್ಯಸನ

ಕೊಟ್ಟೂರು ಕಡೆ ಸಾವಿನ ಮನೆಯಲ್ಲಿ ಹಿರಿಯರು ‘ವ್ಯಸನ ಮಾಡ್ಬ್ಯಾಡವ್ವ’ ಎಂದರೆ ಅದು ದುಃಖ. ಮಗನ ಕುಡಿತಕ್ಕೆ ಅವರ ಮಾತು ಬೇರೆ: ‘ಚಟ ಹತ್ತೈತಿ.’ ವ್ಯಸನ ಸಂಸ್ಕೃತದ್ದು. ‘ವಿ’ ಸೇರಿದ ‘ಅಸ್’ ಧಾತು, ಎಂದರೆ ಎಸೆ. ದಾರಿಯಿಂದಾಚೆ ಎಸೆಯಲ್ಪಟ್ಟ ಸ್ಥಿತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜ್ಯಕ್ಕೊದಗುವ ಆಪತ್ತೂ ವ್ಯಸನವೇ, ಅರಸನ ಜೂಜು, ಕುಡಿತವೂ ವ್ಯಸನವೇ. ಸಂಕಟ, ಚಟ ಎರಡನ್ನೂ ಒಂದೇ ಪದ ಹೊತ್ತಿರುವುದು ನನಗೆ ತುಂಬ ಸರಿ ಅನಿಸುತ್ತದೆ.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದ್ದು ಕಾಳಲ್ಲ, ದುಡ್ಡಲ್ಲ, ಜನರ ದುಶ್ಚಟ. ಅವರ ಹುಟ್ಟಿದ ದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಕೋರ್ಟಿನಲ್ಲಿ ಈ ಪದ ‘ವ್ಯಸನಿ’ ಆಗುತ್ತದೆ. 1985ರ ಮಾದಕ ವಸ್ತು ಕಾಯ್ದೆಯ 39ನೇ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿ ಒಪ್ಪಿದರೆ, ನ್ಯಾಯಾಲಯ ಕೂಡಲೇ ಶಿಕ್ಷೆ ವಿಧಿಸದೆ, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ವರ್ಷದೊಳಗೆ ಆತ ಚಿಕಿತ್ಸೆಯ ವರದಿ ಒಪ್ಪಿಸಬೇಕು. ಸಾರಾಯಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ‘ಚಟಗಾರ’ ಅಂದಾಗ ಕೇಳುವುದು ಬೈಗುಳ; ‘ವ್ಯಸನಿ’ಯಲ್ಲಿ ಸಾವಿನ ಮನೆಯ ಆ ದುಃಖವೂ ಕೇಳುತ್ತದೆ.